ಕೂಡಿಟ್ಟ ಹೊಗೆ

ಅಕ್ಬರ ಚಕ್ರವರ್ತಿಯ ದೂತನಾಗಿ ವಿಜಾಪುರದ ಇಬ್ರಾಹಿಂ ಆದಿಲಶಾಹನ ಆಸ್ಥಾನಕ್ಕೆ ಹೋಗಿದ್ದ ಅಸದ್ ಬೇಗನು 17ನೆಯ ಶತಮಾನದ ಮೊದಲ ವರ್ಷಗಳಲ್ಲಿ ಆಗ್ರಾಕ್ಕೆ ಹಿಂದಿರುಗಿದಾಗ, ಒಡೆಯನಿಗೆ ಒಪ್ಪಿಸಬೇಕಾಗಿದ್ದ ಕಾಣಿಕೆಗಳ ಜೊತೆಗೆ, ತಾನು ಅದುವರೆಗೆ ಎಲ್ಲಿಯೂ ಕಂಡರಿಯದಿದ್ದ ಒಂದು ಪದಾರ್ಥವನ್ನೂ ವಿಜಾಪುರದಿಂದ ಹೊರಿಸಿಕೊಂಡು ಬಂದನು. ಅದು ಹೊಗೆಸೊಪ್ಪು. ಆದಿಲಶಾಹನು ತನಗೆ ಕೊಟ್ಟಿದ್ದ ಕುಸುರಿಕೆಲಸದ ಎಲೆಯಡಿಕೆಯ ಚೀಲದಲ್ಲಿ ಉತ್ತಮವಾದ ಸೊಪ್ಪನ್ನು ತುಂಬಿ, ರತ್ನಖಚಿತವಾದ ನಳಿಗೆಯೊಂದನ್ನು ಸಿದ್ಧಪಡಿಸಿ, ಬೆಳ್ಳಿಯ ತಟ್ಟೆಯಲ್ಲಿರಿಸಿ, ಚಕ್ರವರ್ತಿಯ ಮುಂದಿಟ್ಟ ವೃತ್ತಾಂತವನ್ನು ಅವನು ತಾನೇ ಬರೆದಿಟ್ಟಿದ್ದಾನೆ. ಅಕ್ಬರನು ಕುತೂಹಲದಿಂದ ಸ್ವಲ್ಪ ಸೇದಿದನೆಂದೂ, ಆಸ್ಥಾನವೈದ್ಯನು ಅಪರಿಚಿತ ಪದಾರ್ಥವೆಂದು ಆಕ್ಷೇಪಿಸಿ ತಡೆದನೆಂದೂ, ದೊರೆಯು ಮುಂದೆ ಅದನ್ನು ರೂಢಿ ಮಾಡಿಕೊಳ್ಳಲಿಲ್ಲವೆಂದೂ ಆ ಬರಹದಿಂದ ತಿಳಿಯುತ್ತದೆ. ಇಷ್ಟು ಅನೇಕರಿಗೆ ಗೊತ್ತಿರುವ ಕಥೆ. ನನ್ನ ಮನಸ್ಸು ನಿಲ್ಲುವುದು ಅದರ ಮುಂದಿನ ಮಾತಿನ ಮೇಲೆ: ಅಸದ್ ಬೇಗನು ಸೊಪ್ಪನ್ನೂ ನಳಿಗೆಗಳನ್ನೂ ಹೇರಳವಾಗಿ ತಂದಿದ್ದನು, ಆ ದಾಸ್ತಾನಿನಿಂದ ಕೆಲವರು ಸರದಾರರಿಗೆ ತಾನಾಗಿ ಕಳುಹಿಸಿದನು, ಮಿಕ್ಕವರು ಹೇಳಿಕಳುಹಿಸಿ ತರಿಸಿಕೊಂಡರು, ಅದು ಹೀಗೆ ಹರಡಿದ ಮೇಲೆಯೇ ವ್ಯಾಪಾರಿಗಳು ಮಾರತೊಡಗಿದರು. ಅಂಗಡಿಗಿಂತ ಮೊದಲು ಉಗ್ರಾಣವಿದ್ದಿತು.

ಹೊಗೆಸೊಪ್ಪಿನ ಚರಿತ್ರೆಯಲ್ಲಿ ಸೇದುವ ಅಭ್ಯಾಸಕ್ಕೂ ತೆರಿಗೆಗೂ ನಿಷೇಧಗಳಿಗೂ ದೊರೆತ ಗಮನ ಈ ಉಗ್ರಾಣಕ್ಕೆ ದೊರೆತಂತೆ ಕಾಣುವುದಿಲ್ಲ. ಆದರೆ ರಾಜಾಜ್ಞೆ ಹೊರಡುವ ಮುನ್ನಾದಿನ ಜನ ಏನನ್ನು ಕೂಡಿಟ್ಟರು, ಎಷ್ಟನ್ನು, ಯಾವ ಪಾತ್ರೆಯಲ್ಲಿ ಎಂಬುದನ್ನು ವಿಚಾರಿಸುತ್ತ ಹೋದರೆ, ಆ ಚಟದ ಸ್ವರೂಪವು ನಾಲ್ಕು ಶತಮಾನಗಳಲ್ಲಿ ಹೇಗೆ ಮಾರ್ಪಟ್ಟಿತೆಂಬುದು ಸ್ಪಷ್ಟವಾಗಿ ಗೋಚರಿಸುತ್ತದೆ. ಹಿಂದಿನವರು ಎಲೆಯನ್ನು ಕೂಡಿಟ್ಟರು; ನಮ್ಮ ಕಾಲದವರು ಎಲೆಯನ್ನು ಬಿಟ್ಟು, ಅದರೊಳಗಿನ ವಿಷವನ್ನೇ ಸೀಸೆಯಲ್ಲಿ ಕೂಡಿಟ್ಟರು. ಈ ವ್ಯತ್ಯಾಸವು ಸಾಮಾನ್ಯವಾದುದಲ್ಲ.

ರಾಜಾಜ್ಞೆಗಳಿಗೇನೂ ಕೊರತೆಯಿರಲಿಲ್ಲ. ಇಂಗ್ಲೆಂಡಿನ ಒಂದನೆಯ ಜೇಮ್ಸ್ ದೊರೆ 1604ರಲ್ಲಿ ಹೊಗೆಸೊಪ್ಪನ್ನು ಹಳಿದು ಸ್ವಂತ ಕೈಯಿಂದ ಒಂದು ಪ್ರಬಂಧವನ್ನು ಬರೆದು, ಅಷ್ಟರಿಂದ ತೃಪ್ತನಾಗದೆ, ಪೌಂಡಿಗೆ 2 ಪೆನ್ಸ್ ಇದ್ದ ಸುಂಕವನ್ನು 6 ಷಿಲಿಂಗ್ 10 ಪೆನ್ಸಿಗೆ ಏರಿಸಿದನು. 1617ರಲ್ಲಿ ಜಹಾಂಗೀರನು, ತಂದೆಯು ಕುತೂಹಲದಿಂದ ನೋಡಿದ್ದನ್ನು ತಾನು ಹಾನಿಕರವೆಂದು ನಿಷೇಧಿಸಿದನು. ಪಾರಸಿಕದ ಷಾ ಅಬ್ಬಾಸನೂ ಅಂತಹ ಆಜ್ಞೆಯನ್ನೇ ಹೊರಡಿಸಿದ್ದನು. ಜಹಾಂಗೀರನ ರಾಯಭಾರಿಯಾಗಿ ಆ ದೇಶಕ್ಕೆ ಹೋಗಿದ್ದ ಖಾನ್ ಆಲಮನು ಹೊಗೆಯನ್ನು ಬಿಟ್ಟು ಒಂದು ಗಳಿಗೆಯೂ ಇರಲಾರದವನಾದುದರಿಂದ, ಷಾ ಅವನೊಬ್ಬನಿಗೆ ವಿಶೇಷ ಅನುಮತಿಯನ್ನು ಕೊಡಬೇಕಾಯಿತೆಂದು ಜಹಾಂಗೀರನೇ ತನ್ನ ಆತ್ಮಕಥೆಯಲ್ಲಿ ವಿನೋದದಿಂದ ಹೇಳಿಕೊಂಡಿದ್ದಾನೆ. ತುರ್ಕಿಯ ನಾಲ್ಕನೆಯ ಮುರಾದನ 1633ರ ಆಜ್ಞೆಯಲ್ಲಿ ವಿನೋದಕ್ಕೆ ಎಡೆಯಿರಲಿಲ್ಲ. ಸೇದಿದವನಿಗೆ ಅಲ್ಲಿ ಮರಣದಂಡನೆ. ಇವುಗಳಲ್ಲಿ ಯಾವುದೂ ಹೊಗೆಸೊಪ್ಪನ್ನು ತೊಲಗಿಸಲಿಲ್ಲ. ಜೇಮ್ಸನ ಸುಂಕದಿಂದ ಪ್ರಬಲವಾದದ್ದು ಕಳ್ಳಸಾಗಣೆ; ಕೆಲವು ವರ್ಷಗಳಲ್ಲಿ ಅವನೇ ಸುಂಕವನ್ನು ಇಳಿಸಬೇಕಾಯಿತು.

ಆದರೆ ಎಲೆಯನ್ನು ಕೂಡಿಡುವವನಿಗೆ ಪ್ರಕೃತಿಯೇ ಒಂದು ಮಿತಿಯನ್ನು ವಿಧಿಸಿತ್ತು. ಹುಣಸೂರು ಪಿರಿಯಾಪಟ್ಟಣಗಳ ಸೀಮೆಯಲ್ಲಿ ಎಲೆಯನ್ನು ಹದಮಾಡುವ ಬ್ಯಾರನ್‌ಗಳ ಮುಂದೆ ರಾತ್ರಿಯೆಲ್ಲ ಎಚ್ಚರವಿದ್ದು ಉರಿಯನ್ನು ನೋಡಿಕೊಳ್ಳುವ ರೈತರಿಗೂ, ನಿಪ್ಪಾಣಿಯ ವಖಾರಿಗಳಲ್ಲಿ ಬೀಡಿಯ ಜರ್ದೆಯನ್ನು ಚೀಲ ತುಂಬುವ ಹೆಂಗಸರಿಗೂ ಇದನ್ನು ವಿವರಿಸಬೇಕಾಗಿಲ್ಲ. ಎಲೆಯು ಹೆಚ್ಚಾಗಿ ಒಣಗಿದರೆ ಮುಟ್ಟಿದಲ್ಲಿ ಪುಡಿಯಾಗುತ್ತದೆ. ತೇವ ಮಿಕ್ಕಿದ್ದರೆ ಬೂಷ್ಟು ಹಿಡಿಯುತ್ತದೆ. ಎರಡೂ ಸರಿಯಾಗಿದ್ದರೂ ಅದರ ಮೇಲೆ ಜೀವಿಸಬಲ್ಲ ಸಣ್ಣ ಕಂದು ಹುಳವೊಂದುಂಟು, ಅದಕ್ಕೆ ವಖಾರಿಯ ಬೀಗದ ಗಣನೆಯಿಲ್ಲ. ಎಲೆ ಬಹಳ ಜಾಗವನ್ನು ಬೇಡುತ್ತದೆ, ವಾಸನೆಯಿಂದ ತನ್ನ ಇರವನ್ನು ನೆರೆಮನೆಗೂ ಸಾರುತ್ತದೆ. ಒಂದು ಮನೆಯವರು ಒಂದೆರಡು ವರ್ಷಕ್ಕಾಗುವಷ್ಟು ಸೊಪ್ಪನ್ನು ಇಟ್ಟುಕೊಂಡಾರು. ಇಪ್ಪತ್ತು ವರ್ಷಕ್ಕಾಗುವಷ್ಟನ್ನು ಇಡುವ ಯೋಚನೆಯನ್ನು ಯಾರೂ ಮಾಡಲಾರರು. ಆ ಯೋಚನೆ ಸಾಧ್ಯವಾಗಬೇಕಾದರೆ ಎಲೆಯೊಳಗಿನ ಸತ್ತ್ವವು ಎಲೆಯಿಂದ ಬೇರ್ಪಡಬೇಕಾಗಿತ್ತು.

ಬೇರ್ಪಡಿಸಿದವರು ಯೂರೋಪಿನ ರಸಾಯನಶಾಸ್ತ್ರಜ್ಞರು. ಫ್ರಾನ್ಸಿನ ವೋಕ್ಲೆನ್ ಎಂಬ ವಿದ್ವಾಂಸನು 1809ರಲ್ಲಿ ಅದರ ಸುಳಿವನ್ನು ಕಂಡನು; 1828ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಪೋಸೆಲ್ಟ್ ಮತ್ತು ರೈಮಾನ್ ಎಂಬ ಇಬ್ಬರು ತರುಣರು ಅದನ್ನು ಶುದ್ಧರೂಪದಲ್ಲಿ ಪಡೆದರು. ನಿಕೋಟಿನ್ ಎಂಬ ಈ ದ್ರವಕ್ಕೆ ಬಣ್ಣವಿಲ್ಲ. ಎಣ್ಣೆಯಂತೆ ತೆಳುವಾಗಿ ಹರಿಯುತ್ತದೆ. ನೀರಿನಲ್ಲಿ ಸುಲಭವಾಗಿ ಬೆರೆಯುತ್ತದೆ. ಗಾಳಿಬೆಳಕುಗಳು ಸೋಕಿದರೆ ಮೊದಲು ಹಳದಿಗೂ ಅನಂತರ ಕಂದಿಗೂ ತಿರುಗುತ್ತದೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಗಾಯವಿಲ್ಲದ ಚರ್ಮದ ಮೂಲಕವೂ ದೇಹವನ್ನು ಪ್ರವೇಶಿಸುತ್ತದೆ. ಮಳೆಯಲ್ಲಿ ನೆನೆದ ಹಸಿರೆಲೆಯನ್ನು ಬರಿಗೈಯಿಂದ ಮುರಿಯುವ ಕೂಲಿಯವರಿಗೆ ತಲೆಸುತ್ತು ವಾಂತಿಗಳು ಬರುವುದು ಈ ಕಾರಣದಿಂದಲೇ. ಎಲೆಯಲ್ಲಿ ನೂರಕ್ಕೆ ಒಂದೆರಡು ಪಾಲು ಇರುವಾಗಲೇ ಹೀಗಾದರೆ ಶುದ್ಧ ದ್ರವದ ಗತಿಯೇನೆಂಬುದನ್ನು ಓದುಗರು ಊಹಿಸಬಹುದು.

ಈ ದ್ರವವು ಪ್ರಯೋಗಶಾಲೆಯಿಂದ ಮನೆಗೆ ಬಂದ ಪ್ರಸಿದ್ಧ ಸಂದರ್ಭವು ಒಂದು ಕೊಲೆಯದು. ಬೆಲ್ಜಿಯಂ ದೇಶದ ಬಿತ್ರೆಮೋನ್ ಎಂಬ ಕೋಟೆಮನೆಯಲ್ಲಿ ಬೋಕಾರ್ಮೆ ಎಂಬ ಕುಲೀನನೊಬ್ಬನಿದ್ದನು. ಪದವಿ ದೊಡ್ಡದು, ಸಾಲ ಅದಕ್ಕಿಂತ ದೊಡ್ಡದು. ಹೆಂಡತಿಯ ತಮ್ಮ ಗುಸ್ತಾವ್ ರೋಗಿಷ್ಠ, ಒಂದು ಕಾಲನ್ನು ಕಳೆದುಕೊಂಡವನು. ಅವನು ಅವಿವಾಹಿತನಾಗಿ ತೀರಿಕೊಂಡರೆ ಆಸ್ತಿಯು ಅಕ್ಕನಿಗೆ ಬರಬೇಕು. ಅಂತಹವನು ಮದುವೆಗೆ ನಿಶ್ಚಯಿಸಿದನೆಂಬ ಸುದ್ದಿ ಬಂದ ಕೂಡಲೆ ಭಾವನ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು. ಹಿಂದಿನಿಂದಲೇ ಅವನು ಸುಳ್ಳು ಹೆಸರಿನಲ್ಲಿ ರಸಾಯನಶಾಸ್ತ್ರದ ಪಾಠವನ್ನು ಹೇಳಿಸಿಕೊಂಡು, ಮನೆಯಲ್ಲಿ ಹೊಗೆಸೊಪ್ಪನ್ನು ರಾಶಿ ಹಾಕಿಕೊಂಡು, ತೋಟದ ಆಳು ಕೇಳಿದರೆ ಅತ್ತರು ಮಾಡುತ್ತಿದ್ದೇನೆಂದು ಹೇಳಿ, ಹಗಲಿರುಳು ಕೆಲಸಮಾಡುತ್ತಿದ್ದನು. 1850ರ ನವೆಂಬರ್ 20ರಂದು ಊಟಕ್ಕೆಂದು ಬಂದ ಗುಸ್ತಾವನು ಆ ಮನೆಯಿಂದ ಜೀವಸಹಿತ ಹೊರಗೆ ಹೋಗಲಿಲ್ಲ. ಗಂಡಹೆಂಡಿರು ಶವದ ಬಾಯಿಗೆ ದ್ರಾಕ್ಷಿಯ ಹುಳಿಯನ್ನು ಸುರಿದು, ನೆಲವನ್ನು ಉಜ್ಜಿ ತೊಳೆದು, ಬಟ್ಟೆಗಳನ್ನು ಒಗೆಸಲು ಅವಸರಪಟ್ಟರು. ಆ ಅವಸರವೇ ಮನೆಯಾಳುಗಳ ಸಂಶಯಕ್ಕೆ ಕಾರಣವಾಯಿತು.

ಸಸ್ಯವಿಷವು ಶವದಲ್ಲಿ ಎಂದೆಂದಿಗೂ ಪತ್ತೆಯಾಗದೆಂಬುದು ಆಗಿನ ವಿದ್ವಾಂಸರ ಮತ. ಬೋಕಾರ್ಮೆಯು ನಂಬಿದ್ದುದೂ ಅದನ್ನೇ. ಆದರೆ ನ್ಯಾಯಾಧಿಕಾರಿಯು ಶವದ ಭಾಗಗಳನ್ನು ಮದ್ಯಸಾರದಲ್ಲಿ ಮುಳುಗಿಸಿ ಬ್ರಸೆಲ್ಸಿನ ಜಾನ್ ಸೆರ್ವೆ ಸ್ತಾಸ್ ಎಂಬ ರಸಾಯನಜ್ಞನಿಗೆ ಕಳುಹಿಸಿದನು. ಸ್ತಾಸನು ತಿಂಗಳುಗಟ್ಟಲೆ ಪಟ್ಟುಹಿಡಿದು ಶೋಧಿಸಿ, ಹುಳಿಯ ಮರೆಯಲ್ಲಿ ಅಡಗಿದ್ದ ನಿಕೋಟಿನ್ನನ್ನು ಹೊರತೆಗೆದು ತೋರಿಸಿದನು. ಪ್ರಾಣಿಗಳ ಮೇಲೆ ಮೊದಲು ಪರೀಕ್ಷೆ ಮಾಡಿದ್ದ ಕುರುಹುಗಳು ತೋಟದ ಮಣ್ಣಿನಲ್ಲಿ ದೊರೆತವು. 1851ರ ಜುಲೈಯಲ್ಲಿ ಮೋನ್ಸ್ ನಗರದಲ್ಲಿ ಬೋಕಾರ್ಮೆಯ ಶಿರಚ್ಛೇದವಾಯಿತು. ಹೆಂಡತಿಯು ಬಿಡುಗಡೆ ಹೊಂದಿದಳು. ಸ್ತಾಸನು ಅಂದು ಕಂಡುಹಿಡಿದ ಕ್ರಮವೇ ಮುಂದೆ ಇನ್ನೊಬ್ಬನ ತಿದ್ದುಪಡಿಯೊಂದಿಗೆ ವಿಷಶೋಧನೆಯ ಶಾಸ್ತ್ರಕ್ಕೆ ಅಡಿಗಲ್ಲಾಯಿತು. ಮನೆಯೊಳಗೆ ನಿಕೋಟಿನ್ನನ್ನು ಕೂಡಿಟ್ಟ ಗೃಹಸ್ಥರಲ್ಲಿ ಚರಿತ್ರೆಗೆ ಹೆಸರು ಗೊತ್ತಿರುವ ಮೊದಲಿಗನು ಇವನೆಂದು ತೋರುತ್ತದೆ; ಅವನ ನಂತರದವರು ಸಜ್ಜನರು.

ಆ ಸಜ್ಜನರಲ್ಲಿ ಮೊದಲು ಬರುವವರು ತೋಟಗಾರರು. ನಮ್ಮ ರೈತರು ಗಿಡದ ಹೇನಿಗೆ ಹೊಗೆಸೊಪ್ಪಿನ ಕಷಾಯವನ್ನು ಎರಚುವಂತೆ, ಯೂರೋಪು ಅಮೆರಿಕಗಳ ತೋಟಗಾರರು ನೂರಕ್ಕೆ 40 ಪಾಲಿನ ನಿಕೋಟಿನ್ ಸಲ್ಫೇಟನ್ನು ಡಬ್ಬಿಗಳಲ್ಲಿ ಕೊಂಡು ನೀರಿಗೆ ಬೆರೆಸಿ ಉಪಯೋಗಿಸುತ್ತಿದ್ದರು. ಹೊಸ ರಾಸಾಯನಿಕ ಕೀಟನಾಶಕಗಳು ಬರುವವರೆಗೆ ಅದು ಹಿತ್ತಿಲ ಕೊಟ್ಟಿಗೆಯ ಸಾಮಾನ್ಯ ವಸ್ತುವಾಗಿತ್ತು. ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 1933ರಲ್ಲಿ ಪ್ರಕಟವಾದ ಪ್ರಸಂಗವೊಂದನ್ನು ವಿಷವೈದ್ಯರು ಈಗಲೂ ಉದಾಹರಿಸುತ್ತಾರೆ. ಹೂವಿನ ವ್ಯಾಪಾರಿಯೊಬ್ಬನು ಇಂತಹ ದ್ರಾವಣವು ಚೆಲ್ಲಿದ್ದ ಕುರ್ಚಿಯ ಮೇಲೆ ಕುಳಿತನು, ಬಟ್ಟೆ ನೆನೆಯಿತು, ಕಾಲು ಗಂಟೆಯೊಳಗೆ ವಾಕರಿಕೆ, ಬೆವರು, ಉಸಿರಿನ ತೊಂದರೆಗಳಾಗಿ ಆಸ್ಪತ್ರೆಗೆ ಸೇರಿದನು. ನಾಲ್ಕು ದಿನಗಳಲ್ಲಿ ಗುಣಹೊಂದಿ ಮನೆಗೆ ಹೊರಟಾಗ, ಕಾಗದದ ಚೀಲದಲ್ಲಿ ಕಟ್ಟಿಟ್ಟಿದ್ದ ತನ್ನ ಅದೇ ಬಟ್ಟೆಗಳನ್ನು ತೊಟ್ಟುಕೊಂಡನು. ಒಂದು ಗಂಟೆಯೊಳಗಾಗಿ ಮತ್ತೆ ವಿಷವೇರಿ ಮರಳಿ ಆಸ್ಪತ್ರೆಗೆ ಬಂದನು. ಚೆಲ್ಲಿದ ಕೂಡಲೆ ಬಟ್ಟೆಯನ್ನು ಕಳಚಬೇಕು, ಹರಿಯುವ ನೀರಿನಲ್ಲಿ ಚರ್ಮವನ್ನು ತೊಳೆಯಬೇಕು, ಒಗೆಯದೆ ಆ ಬಟ್ಟೆಯನ್ನು ಮತ್ತೆ ಮುಟ್ಟಬಾರದು ಎಂಬ ಮೂರು ನಿಯಮಗಳನ್ನು ಈ ಮನುಷ್ಯನ ಅನುಭವಕ್ಕಿಂತ ಚೆನ್ನಾಗಿ ಯಾವ ಪಾಠಪುಸ್ತಕವೂ ಕಲಿಸಲಾರದು.

ಎಷ್ಟು ನಿಕೋಟಿನ್ ಮನುಷ್ಯನನ್ನು ಕೊಲ್ಲುತ್ತದೆಂಬ ಪ್ರಶ್ನೆಗೆ 60 ಮಿಲಿಗ್ರಾಂ ಎಂಬ ಉತ್ತರವು ಒಂದು ಶತಮಾನಕ್ಕೂ ಹೆಚ್ಚು ಕಾಲ ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತ ಬಂದಿತು. ಆಸ್ಟ್ರಿಯದ ಗ್ರಾಟ್ಸ್ ವಿಶ್ವವಿದ್ಯಾನಿಲಯದ ಬೆರ್ನ್ಡ್ ಮೈಯರ್ ಎಂಬ ಔಷಧಶಾಸ್ತ್ರಜ್ಞನು 2014ರಲ್ಲಿ ಅದರ ಮೂಲವನ್ನು ಹುಡುಕಿಕೊಂಡು ಹೊರಟು, 19ನೆಯ ಶತಮಾನದ ಮಧ್ಯದಲ್ಲಿ ಕೆಲವರು ತಮ್ಮ ಮೇಲೆಯೇ ಮಾಡಿಕೊಂಡ ಸಂದೇಹಾಸ್ಪದವಾದ ಪ್ರಯೋಗಗಳನ್ನು ತಲುಪಿ, ನಿಜವಾದ ಮಾರಕಪ್ರಮಾಣವು ಅರ್ಧ ಗ್ರಾಂನಿಂದ ಒಂದು ಗ್ರಾಂವರೆಗೆ ಇರಬಹುದೆಂದು ವಾದಿಸಿದನು. ಇದು ದೊಡ್ಡವರಿಗೆ ಸ್ವಲ್ಪ ಸಮಾಧಾನವನ್ನು ತಂದೀತು. ಮಕ್ಕಳಿಗೆ ಅನ್ವಯಿಸುವ ಮಾತಲ್ಲ.

ಇನ್ನು ನಿಕೋಟಿನ್ನನ್ನು ಆವಿಯಾಗಿ ಸೇದಿಸುವ ಇ-ಸಿಗರೇಟೆಂಬ ಯಂತ್ರದ ವಿಷಯ. ಹೊಗೆಯಿಲ್ಲದ ಸಿಗರೇಟಿಗೆ ಹರ್ಬರ್ಟ್ ಗಿಲ್ಬರ್ಟ್ ಎಂಬ ಅಮೆರಿಕದವನು 1960ರ ದಶಕದಲ್ಲಿಯೇ ಹಕ್ಕುಪತ್ರವನ್ನು ಪಡೆದಿದ್ದರೂ, ಅದನ್ನು ವ್ಯವಹಾರಕ್ಕೆ ತಂದವನು ಚೀನದ ಹಾನ್ ಲಿಕ್ ಎಂಬ ಔಷಧಜ್ಞ, 2003ರ ಸುಮಾರಿನಲ್ಲಿ. ಬ್ಯಾಟರಿಯಿಂದ ಕಾಯುವ ಒಂದು ತಂತಿಯ ಸುರುಳಿ, ಅದಕ್ಕೆ ಸುತ್ತಿದ ಹತ್ತಿ, ಹತ್ತಿಯನ್ನು ನೆನೆಸುವ ದ್ರವ, ಯಂತ್ರವೆಂದರೆ ಇಷ್ಟೇ. ದ್ರವದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸುವಾಸನೆ ಮತ್ತು ನಿಕೋಟಿನ್. ಕೆಲವೇ ವರ್ಷಗಳಲ್ಲಿ ಅಮೆರಿಕದಲ್ಲಿಯೂ ಬ್ರಿಟನ್ನಿನಲ್ಲಿಯೂ ದ್ರವವನ್ನು ಮನೆಯಲ್ಲಿಯೇ ಬೆರೆಸಿಕೊಳ್ಳುವವರ ಒಂದು ವರ್ಗವು ಹುಟ್ಟಿಕೊಂಡಿತು. ಇವರಲ್ಲಿ ಬಹುಮಂದಿ ದಶಕಗಳ ಕಾಲ ಸಿಗರೇಟು ಸೇದಿ, ಬಿಡಲಾರದೆ ಬಳಲಿ, ಈ ಯಂತ್ರದ ಆಸರೆಯಿಂದ ಅದನ್ನು ಬಿಟ್ಟ ನಡುವಯಸ್ಸಿನವರು. ಈ ಸಾಧನವು ಕೈತಪ್ಪಿದರೆ ಹಳೆಯ ಸಿಗರೇಟಿಗೇ ಮರಳಬೇಕಾದೀತೆಂಬ ಭಯ ಇವರದು. ಅವರ ಭಯವು ಅಕೃತ್ರಿಮವಾದುದೆಂದು ನಾನು ನಂಬುತ್ತೇನೆ. ಅದರಿಂದ ಅವರು ಮಾಡಿದ್ದೆಲ್ಲವೂ ವಿವೇಕವೆಂದು ಮಾತ್ರ ಹೇಳಲಾರೆ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಈ ಯಂತ್ರಗಳನ್ನೂ ದ್ರವಗಳನ್ನೂ ಹೊಗೆಸೊಪ್ಪಿನ ಪದಾರ್ಥಗಳೆಂದೇ ಪರಿಗಣಿಸುವ ಪ್ರಸ್ತಾವವನ್ನು 2014ರ ಏಪ್ರಿಲಿನಲ್ಲಿ ಮುಂದಿಟ್ಟಿತು. 2016ರ ಮೇ ತಿಂಗಳಲ್ಲಿ ನಿಯಮವನ್ನು ಪ್ರಕಟಿಸಿತು. ಆಗಸ್ಟ್ 8ರಿಂದ ಅದು ಜಾರಿಗೆ ಬಂದಿತು. 2007ರ ಫೆಬ್ರವರಿ 15ರಂದು ಮಾರುಕಟ್ಟೆಯಲ್ಲಿ ಇಲ್ಲದಿದ್ದ ಪ್ರತಿಯೊಂದು ಪದಾರ್ಥಕ್ಕೂ ಸರಕಾರದ ಪೂರ್ವಾನುಮತಿ ಬೇಕೆಂಬುದು ಅದರ ತಿರುಳು. ಆ ದಿನಾಂಕದಂದು ಈ ವ್ಯಾಪಾರವೇ ಅಲ್ಲಿ ಆಗತಾನೆ ಕಣ್ಣು ಬಿಡುತ್ತಿದ್ದುದರಿಂದ, ಹೆಚ್ಚುಕಡಿಮೆ ಎಲ್ಲ ಸರಕೂ ಆ ಒಂದು ವಾಕ್ಯಕ್ಕೆ ಸಿಕ್ಕಿಬಿದ್ದಿತು. ಅರ್ಜಿ ಸಲ್ಲಿಸಲು ಎರಡು ವರ್ಷಗಳ ಅವಧಿ ಕೊಟ್ಟಿದ್ದರೂ, ಸಣ್ಣ ಅಂಗಡಿಗಳವರು ಅದರ ವೆಚ್ಚವನ್ನು ಭರಿಸಲಾರರೆಂಬುದನ್ನು ಗಿರಾಕಿಗಳು ಅರಿತಿದ್ದರು. ಕೂಡಿಡುವ ಕಾಲ ಬಂದಿತೆಂದು ಅವರು ನಿರ್ಧರಿಸಿದರು.

ಏನನ್ನು ಕೂಡಿಡಬೇಕು? ತಂತಿಯು ತುಕ್ಕು ಹಿಡಿಯದು, ಬೆಲೆಯೂ ಅಗ್ಗ. ಹತ್ತಿಯು ಯಾವ ಸರಕಾರದ ಕೈಗೂ ಸಿಗದ ಪದಾರ್ಥ. ಗ್ಲಿಸರಿನ್ ಔಷಧದ ಅಂಗಡಿಯಲ್ಲಿ ದೊರೆಯುತ್ತದೆ. ಬ್ಯಾಟರಿಗಳನ್ನು ಬಹಳ ವರ್ಷ ಇಡಲಾಗದು. ಇಟ್ಟಲ್ಲಿಯೇ ಅವು ಮುಪ್ಪಾಗುತ್ತವೆ, ಡಬ್ಬಿಯಿಲ್ಲದೆ ಜೇಬಿನಲ್ಲಿ ಬೀಗದಕೈಯೊಡನೆ ಹಾಕಿಕೊಂಡರೆ ಹೊತ್ತಿಕೊಳ್ಳುವುದೂ ಉಂಟು. ಕಡೆಗೆ ಉಳಿಯುವುದು ನಿಕೋಟಿನ್ ಒಂದೇ. ಅದು ಮಿಲಿಲೀಟರಿಗೆ 100 ಮಿಲಿಗ್ರಾಂ ತೀಕ್ಷ್ಣತೆಯ ಮೂಲದ್ರವವಾಗಿ ಲೀಟರುಗಟ್ಟಲೆ ಮಾರಾಟವಾಗುತ್ತಿತ್ತು. ಲೆಕ್ಕವನ್ನು ನೋಡಿ: ಅಂತಹ ಒಂದು ಲೀಟರಿನಲ್ಲಿ 100 ಗ್ರಾಂ ನಿಕೋಟಿನ್, ಮಿಲಿಲೀಟರಿಗೆ 3 ಮಿಲಿಗ್ರಾಂನಂತೆ ತೆಳುಮಾಡಿದರೆ 33 ಲೀಟರಿಗೂ ಮಿಕ್ಕಿ ಸಿದ್ಧದ್ರವ, ದಿನಕ್ಕೆ 5 ಮಿಲಿಲೀಟರು ಸೇದುವವನಿಗೆ ಅದು 18 ವರ್ಷಗಳ ಸಾಮಗ್ರಿ. ಒಂದು ಹಾಲಿನ ಬಾಟಲಿಯ ಗಾತ್ರದಲ್ಲಿ 18 ವರ್ಷ! ಜಹಾಂಗೀರನ ಪ್ರಜೆಗಳಿಗೆ ಸ್ವಪ್ನದಲ್ಲಿಯೂ ಸಾಧ್ಯವಾಗದಿದ್ದುದು ಇದು. ಮೈಯರನ ಉದಾರವಾದ ಲೆಕ್ಕದ ಪ್ರಕಾರವೇ ನೋಡಿದರೂ, ಆ ಬಾಟಲಿಯಲ್ಲಿ ನೂರರಿಂದ ಇನ್ನೂರು ಜನರ ಮರಣವೂ ಅಡಗಿದ್ದಿತು.

ಈ ಮಾರಕ ಗುಣವನ್ನು ಸಂಗ್ರಹಕಾರರು ಮರೆತಿರಲಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಅವರು ತಮ್ಮೊಳಗೆ ಒಂದು ಆಚಾರಸಂಹಿತೆಯನ್ನೇ ರೂಪಿಸಿಕೊಂಡರು. ಪ್ಲಾಸ್ಟಿಕ್ಕಿನ ಡಬ್ಬಿಯಲ್ಲಿ ಬಂದ ದ್ರವವನ್ನು ಕಂದುಬಣ್ಣದ ಸಣ್ಣ ಸಣ್ಣ ಗಾಜಿನ ಸೀಸೆಗಳಿಗೆ ಹಂಚುವುದು ಮೊದಲ ಕೆಲಸ. ಗಾಜೇಕೆಂದರೆ ಪ್ಲಾಸ್ಟಿಕ್ಕು ಕಾಲಕ್ರಮದಲ್ಲಿ ಗಾಳಿಯನ್ನು ಒಳಗೆ ಬಿಡುತ್ತದೆ. ಕಂದುಬಣ್ಣವೇಕೆಂದರೆ ಬೆಳಕು ಶತ್ರು. ಸಣ್ಣ ಸೀಸೆ ಏಕೆಂದರೆ ಒಂದನ್ನು ತೆರೆದಾಗ ಉಳಿದವು ಗಾಳಿಗೆ ಬಾರದಿರಲಿ ಎಂದು. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿಯ ಜಾಡಿಯ ಬಾಯಿವರೆಗೆ ಎಣ್ಣೆ ನಿಲ್ಲುವಂತೆ ನೋಡಿಕೊಳ್ಳುವ ಹಿರಿಯರ ಎಚ್ಚರದಿಂದಲೇ ಅವರು ಸೀಸೆಯ ಕಂಠದವರೆಗೆ ದ್ರವವನ್ನು ತುಂಬಿ, ಗಾಳಿಗೆ ಎಡೆಯುಳಿಯದಂತೆ ಬಿಗಿಯಾಗಿ ಮುಚ್ಚಿದರು. ಇನ್ನೂ ಶ್ರದ್ಧಾವಂತರು ಮುಚ್ಚುವ ಮೊದಲು ಆರ್ಗಾನ್ ಅನಿಲವನ್ನು ಹಾಯಿಸಿದರು. ಆಮೇಲೆ ಸೀಸೆಗಳು ಫ್ರೀಜರಿಗೆ. ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಆ ಚಳಿಯಲ್ಲಿ ಪ್ರೊಪಿಲೀನ್ ಗ್ಲೈಕಾಲಿನ ದ್ರವವು ಹೆಪ್ಪುಗಟ್ಟದೆ ದಪ್ಪವಾಗುತ್ತದೆಯಷ್ಟೆ. ಗ್ಲಿಸರಿನ್ನಿನದು ಹರಿಯುವುದನ್ನೇ ಮರೆಯುತ್ತದೆ. ಹೊರತೆಗೆದ ಸೀಸೆಯನ್ನು ಕೋಣೆಯ ಬಿಸುಪಿಗೆ ಬರುವವರೆಗೆ ತೆರೆಯಬಾರದು, ತೆರೆದರೆ ಗಾಳಿಯ ತೇವವು ಒಳಗೆ ಇಳಿಯುತ್ತದೆ. ಅಳೆಯುವ ಮೊದಲು ಚೆನ್ನಾಗಿ ಕುಲುಕಬೇಕು, ಇಲ್ಲವಾದರೆ ಒಂದು ಭಾಗವು ಸಪ್ಪೆಯಾಗಿಯೂ ಇನ್ನೊಂದು ಅಪಾಯಕರವಾಗಿಯೂ ಬರಬಹುದು. ಕೆಟ್ಟ ದ್ರವವನ್ನು ಕಂದುಬಣ್ಣದಿಂದಲೂ, ಕರಿಮೆಣಸಿನ ಘಾಟಿನಂತೆ ಗಂಟಲನ್ನು ಕೆರೆಯುವ ರುಚಿಯಿಂದಲೂ ಗುರುತಿಸುತ್ತಿದ್ದರು.

ಕೈಗಳಿಗೆ ನೈಟ್ರೈಲಿನ ಗವಸು, ಕಣ್ಣಿಗೆ ಕನ್ನಡಕ, ಉದ್ದ ತೋಳಿನ ಅಂಗಿ, ಗಾಳಿಯಾಡುವ ಕೋಣೆ, ಪಕ್ಕದಲ್ಲಿ ನೀರಿನ ನಲ್ಲಿ: ಇವಿಲ್ಲದೆ ಸೀಸೆಯನ್ನು ತೆರೆಯಕೂಡದೆಂಬುದು ಅವರಲ್ಲಿ ಸಾಮಾನ್ಯವಾದ ನಿಯಮ. ಅಡುಗೆಯ ಚಮಚವನ್ನಾಗಲಿ ಲೋಟವನ್ನಾಗಲಿ ಈ ಕೆಲಸಕ್ಕೆ ಮುಟ್ಟಬಾರದು. ಮಕ್ಕಳಿರುವ ಮನೆಯಲ್ಲಿ ಸೀಸೆಗಳಿಗೆ ಬೀಗ ಹಾಕಿದ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ವಿಷವೆಂಬ ದೊಡ್ಡ ಅಕ್ಷರದ ಚೀಟಿ, ಚೀಟಿಯ ಮೇಲೆ ತೀಕ್ಷ್ಣತೆ ಮತ್ತು ತುಂಬಿದ ದಿನಾಂಕ. ಬೋಕಾರ್ಮೆಯ ಕೋಟೆಮನೆಯಲ್ಲಿ ಗುಟ್ಟಾಗಿ ನಡೆದದ್ದು ಈಗ ಸಂಸಾರವಂದಿಗರ ಅಡುಗೆಮನೆಯಲ್ಲಿ ಚೀಟಿಸಹಿತ ನಡೆಯುತ್ತಿತ್ತು. ಆದರೂ, ಐಸ್‌ಕ್ರೀಮಿನ ಪಕ್ಕದಲ್ಲಿ ಹತ್ತಾರು ಜನರನ್ನು ಕೊಲ್ಲಬಲ್ಲ ಸೀಸೆಯು ವರ್ಷಗಟ್ಟಲೆ ಕುಳಿತಿರುವ ಮನೆಯನ್ನು ನೆನೆದರೆ ನನಗೆ ನೆಮ್ಮದಿಯಾಗುವುದಿಲ್ಲ. ಸೀಸೆಯನ್ನು ಇಟ್ಟವನು ಎಚ್ಚರದಿಂದಿದ್ದಾನು. ಅವನು ಊರಿನಲ್ಲಿಲ್ಲದಾಗ ಫ್ರೀಜರನ್ನು ತೆರೆಯುವ ನೆಂಟರಿಷ್ಟರ ಮಾತೇನು?

ಈ ಅಂಜಿಕೆಯು ಕೇವಲ ಕಲ್ಪನೆಯದಲ್ಲ. ಅಮೆರಿಕದ ವಿಷಚಿಕಿತ್ಸಾ ಕೇಂದ್ರಗಳಿಗೆ ಇ-ಸಿಗರೇಟಿನ ಸಂಬಂಧವಾಗಿ 2010ರ ಸೆಪ್ಟೆಂಬರಿನಲ್ಲಿ ಒಂದೇ ಒಂದು ಕರೆ ಬಂದಿದ್ದರೆ, 2014ರ ಫೆಬ್ರವರಿಯ ಒಂದು ತಿಂಗಳಿನಲ್ಲಿ 215 ಕರೆಗಳು ಬಂದವು. ಅರ್ಧಕ್ಕಿಂತ ಹೆಚ್ಚಿನವು ಐದು ವರ್ಷದೊಳಗಿನ ಮಕ್ಕಳಿಗೆ ಸಂಬಂಧಿಸಿದವು. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಸಂಸ್ಥಾನದಲ್ಲಿ ಒಂದು ಕೂಸು ಈ ದ್ರವವನ್ನು ಕುಡಿದು ಸತ್ತಿತು. ಮಕ್ಕಳ ಕೈಗೆ ತೆರೆಯಲಾರದ ಮುಚ್ಚಳವಿಲ್ಲದೆ ನಿಕೋಟಿನ್ ದ್ರವವನ್ನು ಮಾರಕೂಡದೆಂಬ ಕಾನೂನಿಗೆ ಅಮೆರಿಕದ ಅಧ್ಯಕ್ಷರ ಅಂಕಿತವು 2016ರ ಜನವರಿಯಲ್ಲಿ ಬಿದ್ದಿತು. ಉಳಿದ ನಿಯಮಗಳ ವಿಷಯದಲ್ಲಿ ಎಷ್ಟು ವಾದವಿದ್ದರೂ, ಇದರ ವಿಷಯದಲ್ಲಿ ವಾದವಿರಲು ಕಾರಣವಿಲ್ಲ.

ಯೂರೋಪಿನ ದಾರಿ ಬೇರೆಯಾಗಿತ್ತು. ಅಲ್ಲಿ 2016ರ ಮೇ 20ರಿಂದ ಅನ್ವಯವಾಗಿ, ಮುಂದಿನ ವರ್ಷದ ಅದೇ ದಿನಕ್ಕೆ ಪೂರ್ಣವಾಗಿ ಜಾರಿಗೆ ಬಂದ ನಿರ್ದೇಶನವು ನಿಕೋಟಿನ್ ದ್ರವವನ್ನು ನಿಷೇಧಿಸಲಿಲ್ಲ, ಕುಗ್ಗಿಸಿತು: ತೀಕ್ಷ್ಣತೆಯು ಮಿಲಿಲೀಟರಿಗೆ 20 ಮಿಲಿಗ್ರಾಂ ಮೀರಕೂಡದು, ಸೀಸೆಯು 10 ಮಿಲಿಲೀಟರು ಮೀರಕೂಡದು. ಆ ಒಂದು ವರ್ಷದ ಸಂಧಿಕಾಲದಲ್ಲಿ ತೀಕ್ಷ್ಣದ್ರವವನ್ನು ಲೀಟರಿನಲ್ಲಿ ಕೊಂಡು ಫ್ರೀಜರು ತುಂಬಿದವರು ಅಲ್ಲಿಯೂ ಇದ್ದರು. ಆದರೆ ವ್ಯಾಪಾರಿಗಳು ಇನ್ನೊಂದು ಉಪಾಯವನ್ನು ಕಂಡುಕೊಂಡರು. ನಿಕೋಟಿನ್ ಇಲ್ಲದ ಸುವಾಸನೆಯ ದ್ರವವನ್ನು ದೊಡ್ಡ ಸೀಸೆಯಲ್ಲಿ ಸ್ವಲ್ಪ ಜಾಗ ಬಿಟ್ಟು ಮಾರುವುದು, ನಿಕೋಟಿನ್ನನ್ನು 10 ಮಿಲಿಲೀಟರಿನ ಬೇರೆ ಸೀಸೆಯಲ್ಲಿ ಮಾರುವುದು, ಎರಡನ್ನೂ ಬೆರೆಸುವ ಕೆಲಸವನ್ನು ಗಿರಾಕಿಗೆ ಬಿಡುವುದು. 2013ರ ಮೇ 31ರಂದು ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದ ಮೇಲೆ ನಮ್ಮ ಬೀಡಾ ಅಂಗಡಿಗಳಲ್ಲಿ ಪಾನ್ ಮಸಾಲೆಯ ಒಂದು ಚೀಟಿ, ತಂಬಾಕಿನ ಒಂದು ಚೀಟಿ ಜೋಡಿಯಾಗಿ ತೂಗಾಡತೊಡಗಿದ್ದನ್ನು ನೋಡಿದವರಿಗೆ ಈ ಉಪಾಯದಲ್ಲಿ ಹೊಸತೇನೂ ಕಾಣದು. ಲಂಡನ್ನಿನ ವ್ಯಾಪಾರಿಯೂ ಹುಬ್ಬಳ್ಳಿಯ ವ್ಯಾಪಾರಿಯೂ ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ಯುಕ್ತಿಗೆ ಬಂದಿದ್ದರು. ಆಸ್ಟ್ರೇಲಿಯದಲ್ಲಿ ಮೊದಲಿನಿಂದಲೂ ನಿಕೋಟಿನ್ ದ್ರವವು ಅಪಾಯಕರ ವಿಷಗಳ ಪಟ್ಟಿಯಲ್ಲಿತ್ತು. 2021ರ ಅಕ್ಟೋಬರ್ 1ರ ಅನಂತರ ವೈದ್ಯರ ಚೀಟಿಯಿದ್ದವರು ಮಾತ್ರ ಪರದೇಶದಿಂದ ಒಂದು ಸಲಕ್ಕೆ ಮೂರು ತಿಂಗಳಿಗಾಗುವಷ್ಟನ್ನು ತರಿಸಿಕೊಳ್ಳಬಹುದಾಗಿತ್ತು. 2024ರ ಮಾರ್ಚಿನಲ್ಲಿ ಆ ಬಾಗಿಲೂ ಮುಚ್ಚಿತು.

ಅಮೆರಿಕದ ಸಂಗ್ರಹಕಾರರು ಹೆದರಿದಂತೆ ಎಲ್ಲವೂ ಒಂದೇ ದಿನ ನಿಲ್ಲಲಿಲ್ಲ. ಅರ್ಜಿಯ ಗಡುವನ್ನು 2018ರಿಂದ 2022ಕ್ಕೆ ಮುಂದೂಡಿದರು. ನ್ಯಾಯಾಲಯವು ಮಧ್ಯೆ ಬಂದು 2020ರ ಮೇ ತಿಂಗಳಿಗೆ ಹಿಂದಕ್ಕೆಳೆಯಿತು. ಕೊರೊನಾದ ದೆಸೆಯಿಂದ ಅದು ಸೆಪ್ಟೆಂಬರ್ 9ಕ್ಕೆ ಸರಿಯಿತು. ಪ್ರತಿಯೊಂದು ಗಡುವಿಗೂ ಕೊಳ್ಳುವವರ ನೂಕುನುಗ್ಗಲು ಮರುಕಳಿಸಿತು. 2020ರ ಕೊನೆಯಲ್ಲಿ ಆದ ಕಾನೂನು ಅಂಚೆಯ ಮೂಲಕ ಈ ಸರಕನ್ನು ಗಿರಾಕಿಗಳಿಗೆ ಕಳುಹಿಸುವುದನ್ನು ನಿಲ್ಲಿಸಿತು, ದೊಡ್ಡ ಖಾಸಗಿ ಸಾಗಣೆದಾರರೂ ಅದನ್ನು ಅನುಸರಿಸಿದರು. ಎಲೆಯಿಂದ ಬಾರದೆ ಪ್ರಯೋಗಶಾಲೆಯಲ್ಲಿ ಸಂಯೋಜಿಸಿದ ನಿಕೋಟಿನ್ನಿಗೆ ಈ ನಿಯಮಗಳು ಅನ್ವಯಿಸವೆಂದು ವಾದಿಸಿದವರ ದಾರಿಯನ್ನು 2022ರ ಏಪ್ರಿಲಿನಲ್ಲಿ ಇನ್ನೊಂದು ಕಾನೂನು ಕಟ್ಟಿತು. ಅಷ್ಟರಲ್ಲಿ 2016ರ ಸಂಗ್ರಹಕಾರರಲ್ಲಿ ಚಟವನ್ನೇ ಬಿಟ್ಟವರಿಗೆ ಬೇರೊಂದು ತೊಡಕು ಎದುರಾಯಿತು. ಮಿಕ್ಕ ಸೀಸೆಗಳನ್ನು ಬಚ್ಚಲಿಗೆ ಸುರಿಯಲಾಗದು, ಕಸದ ತೊಟ್ಟಿಗೆ ಎಸೆಯಲಾಗದು. ಆ ದೇಶದ ಪರಿಸರ ನಿಯಮಗಳಲ್ಲಿ ನಿಕೋಟಿನ್ ತೀವ್ರ ಅಪಾಯಕರ ತ್ಯಾಜ್ಯಗಳ ಪಟ್ಟಿಗೆ ಸೇರಿದ್ದು. ಕೊಂಡದ್ದು ಸುಲಭ, ಕೂಡಿಟ್ಟದ್ದು ಶ್ರದ್ಧೆಯಿಂದ. ತೊಲಗಿಸಬೇಕಾದರೆ ಊರಿನ ಅಪಾಯಕರ ತ್ಯಾಜ್ಯದ ಕೇಂದ್ರಕ್ಕೆ ಹೊತ್ತುಕೊಂಡು ಹೋಗಬೇಕು.

ನಮ್ಮ ದೇಶದ ಕಾನೂನು ಈ ಫ್ರೀಜರನ್ನು ಮುಂಚಿತವಾಗಿಯೇ ಕಂಡಿತೆಂದು ಹೇಳಬೇಕು. ಕರ್ನಾಟಕ ಸರಕಾರವು 2016ರ ಜೂನ್ ತಿಂಗಳಿನಲ್ಲಿಯೇ, ಅಂದರೆ ಅಮೆರಿಕದ ನಿಯಮವು ಜಾರಿಗೆ ಬರುವ ಮೊದಲೇ, ಇ-ಸಿಗರೇಟಿನ ತಯಾರಿಕೆ ಮಾರಾಟಗಳನ್ನು ನಿಷೇಧಿಸಿತ್ತು. 2019ರ ಸೆಪ್ಟೆಂಬರ್ 18ರಂದು ಕೇಂದ್ರ ಸರಕಾರವು ಸುಗ್ರೀವಾಜ್ಞೆಯನ್ನು ಹೊರಡಿಸಿ, ಡಿಸೆಂಬರಿನಲ್ಲಿ ಸಂಸತ್ತಿನ ಕಾಯಿದೆಯಾಗಿ ಅದನ್ನು ನೆಲೆಗೊಳಿಸಿದಾಗ, ತಯಾರಿಕೆ, ಆಮದು, ಮಾರಾಟ, ಜಾಹೀರಾತುಗಳ ಸಾಲಿನಲ್ಲಿಯೇ ದಾಸ್ತಾನನ್ನೂ ಪ್ರತ್ಯೇಕವಾದ ಅಪರಾಧವನ್ನಾಗಿ ಮಾಡಿತು: ಆರು ತಿಂಗಳವರೆಗೆ ಸೆರೆಮನೆ, ಅಥವಾ 50,000 ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ಸೇದುವುದನ್ನು ಅಪರಾಧವೆಂದು ಕಾಯಿದೆಯು ಹೆಸರಿಸಲಿಲ್ಲ, ಕೂಡಿಡುವುದನ್ನು ಹೆಸರಿಸಿತು. ಜಹಾಂಗೀರನ ಆಜ್ಞೆಯು ಸೇದುವ ಬಾಯಿಯನ್ನು ನೋಡಿದರೆ ಇದು ಉಗ್ರಾಣವನ್ನು ನೋಡಿತು. ಅಮೆರಿಕದ ಸಂಗ್ರಹಕಾರರಿಗೆ ಸಿಕ್ಕ ಎರಡು ವರ್ಷಗಳ ಮುನ್ನಾದಿನವು ಇಲ್ಲಿ ಯಾರಿಗೂ ಸಿಗಲಿಲ್ಲ. ಬೆಂಗಳೂರಿನಂತಹ ನಗರಗಳಲ್ಲಿ ಈ ಯಂತ್ರಕ್ಕೆ ಒಗ್ಗಿಕೊಂಡಿದ್ದವರು ಬೆಳಗಿನ ಪತ್ರಿಕೆಯಲ್ಲಿ ಕೇಂದ್ರದ ನಿಷೇಧವನ್ನು ಓದಿದಾಗ ಅದು ಆಗಲೇ ನಡೆದುಹೋಗಿತ್ತು. ಸುಗ್ರೀವಾಜ್ಞೆಯ ದಿನದಂದು ದಾಸ್ತಾನು ಉಳ್ಳವರು ತಾವಾಗಿಯೇ ಅದರ ಪಟ್ಟಿಯನ್ನು ಬರೆದು, ಸರಕಿನೊಂದಿಗೆ ಹತ್ತಿರದ ಪೊಲೀಸ್ ಠಾಣೆಗೆ ಒಪ್ಪಿಸತಕ್ಕದ್ದೆಂದು ಸರಕಾರವು ಸಾರಿತು. ಎಲೆಯನ್ನು ಮಾತ್ರ ಆ ಆಜ್ಞೆ ಮುಟ್ಟಲಿಲ್ಲ; ಹುಣಸೂರು ಪಿರಿಯಾಪಟ್ಟಣಗಳಲ್ಲಿ ತಂಬಾಕು ಮಂಡಳಿಯ ಹರಾಜುಕಟ್ಟೆಗಳು ಆ ವರ್ಷವೂ ಎಂದಿನಂತೆ ತೆರೆದವು. ಬೇಲುಗಳು ಸಾಲಾಗಿ ಬಂದು ಕುಳಿತವು, ದರ ಕಡಮೆಯಾಯಿತೆಂದು ರೈತರು ಮಂಡಳಿಯವರೊಡನೆ ವಾದಿಸಿದರು.